ಓದುಗರ ಪ್ರಶ್ನೆ: ಕ್ಲಿಂಗನ್ನರ ಹಣೆ, ಸ್ಕಾಟಿಯ ಮರೆವು

ಕಳೆದ ಸಂಚಿಕೆಯಲ್ಲಿ ‘ಸ್ಟಾರ್ ಟ್ರೆಕ್’ ಬಗ್ಗೆ ಅರ್ಧ ಪುಟ ಬರೆದಿದ್ದೆ. ಎಂಬತ್ತರ ದಶಕದಲ್ಲಿ ದೂರದರ್ಶನವು ಭಾನುವಾರ ಬೆಳಿಗ್ಗೆ ತೋರಿಸುತ್ತಿದ್ದ, ಬಾಹ್ಯಾಕಾಶ ನೌಕೆಯೊಂದರ ಕಥೆ ಹೇಳುವ ಆ ಅಮೆರಿಕನ್ ಸರಣಿಯನ್ನು ನಾನು ಮೊದಲು ನೋಡಿದ್ದು ಬೇಸಿಗೆ ರಜೆಯಲ್ಲಿ, ಮಲ್ಲೇಶ್ವರದ ಚಿಕ್ಕಮ್ಮನ ಮನೆಯ ಕಪ್ಪುಬಿಳುಪು ಟಿ.ವಿ.ಯಲ್ಲಿ. ಲೇಖನದ ಕೊನೆಗೆ “ಇಷ್ಟು ದೀರ್ಘವಾದ ಕಥೆಯಲ್ಲಿ ತೂತುಗಳು ಇದ್ದೇ ಇರುತ್ತವೆ” ಎಂದು ಒಂದು ಸಾಲು ಸೇರಿಸಿದ್ದೆ. ಬಂದ ಪತ್ರಗಳೆಲ್ಲ ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಕೆಲವರು ತೂತುಗಳ ಪಟ್ಟಿ ಕಳುಹಿಸಿದ್ದಾರೆ, ಕೆಲವರು ತೂತೇ ಇಲ್ಲವೆಂದು ವಾದಿಸಿದ್ದಾರೆ, ಒಬ್ಬರು ಚಿತ್ರ ಬರೆದು ತೋರಿಸಿದ್ದಾರೆ. 1966ರ ಸೆಪ್ಟೆಂಬರ್ 8ರಂದು ಶುರುವಾದ ಮೂಲ ಸರಣಿ ಮೂರು ಋತುಗಳಿಗೇ ನಿಂತಿತು. 1979ರಿಂದ ಚಲನಚಿತ್ರಗಳು ಬಂದವು, 1987ರಿಂದ ಒಂದರ ಬೆನ್ನಿಗೆ ಇನ್ನೊಂದು ಹೊಸ ಸರಣಿ ಬಂದಿತು. ಇಷ್ಟು ಕೈಗಳು ಸೇರಿ ಕಟ್ಟಿದ ಲೋಕದ ಬಗ್ಗೆ ನಮ್ಮ ಓದುಗರಿಗೆ ಇಷ್ಟು ಕಾಳಜಿ ಇರುವುದನ್ನು ಕಂಡು ಈ ಬಾರಿಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮೂಲ ಸರಣಿಯ ಒಂದು ಕಂತಿನಲ್ಲಿ ಜನರನ್ನು ಕ್ಷಣದಲ್ಲಿ ಸಾಗಿಸುವ ಟ್ರಾನ್ಸ್‌ಪೋರ್ಟರ್ ಯಂತ್ರ ಕೆಟ್ಟು, ನಾಯಕ ಕರ್ಕ್ ಇಬ್ಬರಾಗಿ ಒಡೆದುಹೋಗುತ್ತಾನೆ. ಸುಲು ಮತ್ತು ಸಂಗಡಿಗರು ಕೆಳಗಿನ ಗ್ರಹದಲ್ಲಿ ರಾತ್ರಿಯ ಚಳಿಗೆ ಸಾಯುವ ಸ್ಥಿತಿಗೆ ಬರುತ್ತಾರೆ. ನೌಕೆಯಲ್ಲಿ ಶಟಲ್ ಎಂಬ ಸಣ್ಣ ವಾಹನ ಇದೆಯಲ್ಲ? ಅದನ್ನು ಕಳುಹಿಸಿ ಅವರನ್ನು ಕರೆತರಬಾರದೇ? ಹುಡುಗನಾಗಿದ್ದಾಗ ಈ ಪ್ರಶ್ನೆ ಕೇಳಿ ಅಣ್ಣನಿಂದ ಬೈಸಿಕೊಂಡಿದ್ದೆ.
(ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ)

ಉತ್ತರ: ನಿಮ್ಮ ಪ್ರಶ್ನೆ ಸರಿಯಾಗಿಯೇ ಇತ್ತು. ಆ ಕಂತು ಪ್ರಸಾರವಾದದ್ದು 1966ರ ಅಕ್ಟೋಬರ್ 6ರಂದು. ಶಟಲ್ ಮುಖ್ಯ ಪಾತ್ರ ವಹಿಸುವ ಕಂತು ಪ್ರಸಾರವಾದದ್ದು 1967ರ ಜನವರಿ 5ರಂದು. ಸುಲು ಚಳಿಯಲ್ಲಿ ನಡುಗುತ್ತ ಆಯುಧದಿಂದ ಬಂಡೆಗಳನ್ನು ಕಾಯಿಸಿಕೊಳ್ಳುತ್ತಿದ್ದ ವಾರ, ಕಥೆಯ ಮಟ್ಟಿಗೆ ಶಟಲ್ ಎಂಬ ವಸ್ತುವೇ ಹುಟ್ಟಿರಲಿಲ್ಲ. ಅದನ್ನು ಕಟ್ಟುವಷ್ಟು ಹಣ ನಿರ್ಮಾಪಕರ ಬಳಿ ಇರಲಿಲ್ಲ. ಮುಂದೆ ಆಟಿಕೆ ಮಾದರಿಗಳನ್ನು ಮಾರುವ ಎಎಂಟಿ ಎಂಬ ಕಂಪನಿ ತನ್ನ ವ್ಯಾಪಾರದ ಹಕ್ಕಿಗಾಗಿ ಆಳೆತ್ತರದ ಶಟಲ್ ಕಟ್ಟಿಸಿಕೊಟ್ಟಿತು.

ಇನ್ನೂ ಹಿಂದಕ್ಕೆ ಹೋದರೆ, ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದೂ ಬಡತನದಿಂದಲೇ. ಪ್ರತಿ ವಾರ ಬೃಹತ್ ನೌಕೆಯೊಂದು ಹೊಸ ಗ್ರಹದ ಮೇಲೆ ಇಳಿಯುವುದನ್ನು ತೋರಿಸುವ ಖರ್ಚು ಭರಿಸಲಾಗದೆ, ಮನುಷ್ಯರು ಹೊಳೆದು ಮಾಯವಾಗಿ ಕೆಳಗೆ ಮೂಡುವ ಉಪಾಯವನ್ನು ಕಂಡುಕೊಂಡರು. ಹಣವಿಲ್ಲದೆ ಹುಟ್ಟಿದ ಯಂತ್ರ ಕೆಟ್ಟಾಗ, ಹಣವಿಲ್ಲದೆ ಇನ್ನೂ ಹುಟ್ಟದ ವಾಹನವು ಸಹಾಯಕ್ಕೆ ಬರಲಿಲ್ಲ. ಕಥೆಯೊಳಗೆ ನಿಂತು ಉತ್ತರಿಸುವವರು ಆ ಗ್ರಹದ ಗಾಳಿ ಬಿರುಸಾಗಿತ್ತು, ಶಟಲ್ ದುರಸ್ತಿಯಲ್ಲಿತ್ತು ಎಂದೆಲ್ಲ ಹೇಳುತ್ತಾರೆ. ಸಂಭಾಷಣೆಯಲ್ಲಿ ಅಂಥ ಒಂದು ಮಾತೂ ಇಲ್ಲ. ಒಂದೇ ಒಂದು ಸಾಲು ಹಾಕಿದ್ದರೆ ಸಾಕಿತ್ತು. ಬರೆದವರಿಗೆ ಆ ಸಾಲಿನ ಅಗತ್ಯ ಹೊಳೆಯಲೇ ಇಲ್ಲ, ಏಕೆಂದರೆ ಅವರ ಮನಸ್ಸಿನ ನೌಕೆಯಲ್ಲಿ ಆಗ ಶಟಲ್ ಇರಲಿಲ್ಲ.

ಪ್ರಶ್ನೆ: ಕ್ಲಿಂಗನ್ ಎಂಬ ಯೋಧ ಜನಾಂಗದವರಿಗೆ ಹಳೆಯ ಸರಣಿಯಲ್ಲಿ ನಮ್ಮಂತೆಯೇ ನುಣುಪಾದ ಹಣೆ. ಸಿನಿಮಾದಿಂದೀಚೆಗೆ ಹಣೆಯ ತುಂಬ ಮೂಳೆಯ ಏಣುಗಳು. ಇದಕ್ಕಿಂತ ದೊಡ್ಡ ತೂತು ಯಾವುದಿದೆ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ, ಚಿತ್ರ ಬರೆದು ಕಳುಹಿಸಿದವರು ಇವರೇ)

ಉತ್ತರ: ಚಿತ್ರ ಚೆನ್ನಾಗಿದೆ. ಆದರೆ ಇದು ಅತಿ ದೊಡ್ಡ ತೂತು ಎಂಬುದನ್ನು ಒಪ್ಪಲಾರೆ.

1967ರ ಮಾರ್ಚ್‌ನಲ್ಲಿ ಕ್ಲಿಂಗನ್ನರು ಮೊದಲ ಸಲ ಕಾಣಿಸಿಕೊಂಡಾಗ ಅವರಿಗಿದ್ದದ್ದು ಕಪ್ಪು ಬಣ್ಣ ಬಳಿದ ಮುಖ, ಮೀಸೆ, ಪೊದೆ ಹುಬ್ಬು, ಅಷ್ಟೇ. 1979ರ ಚಲನಚಿತ್ರದಲ್ಲಿ ಹಣ ಬಂತು, ಪ್ರಸಾಧನ ಕಲೆಯೂ ಬೆಳೆದಿತ್ತು, ಹಣೆಗೆ ಏಣು ಬಂತು. ಮೂಲ ಸರಣಿಯನ್ನು ಕಲ್ಪಿಸಿದ ಜೀನ್ ರಾಡೆನ್‌ಬೆರಿ ಅವರ ಸಮಜಾಯಿಷಿ ಸರಳವಾಗಿತ್ತು: ಕ್ಲಿಂಗನ್ನರು ಯಾವಾಗಲೂ ಹೀಗೆಯೇ ಇದ್ದರು, ಆಗ ತೋರಿಸಲು ನಮ್ಮಿಂದ ಆಗಿರಲಿಲ್ಲ. ಯಕ್ಷಗಾನ ನೋಡುವವರಿಗೆ ಇದು ಹೊಸ ಮಾತಲ್ಲ. ಒಂದು ಮೇಳದ ಬಣ್ಣದ ವೇಷಕ್ಕೂ ಇನ್ನೊಂದು ಮೇಳದ ಬಣ್ಣದ ವೇಷಕ್ಕೂ ವ್ಯತ್ಯಾಸ ಕಂಡರೆ “ರಾವಣನ ಮುಖ ಬದಲಾಯಿತು” ಎಂದು ಯಾರೂ ದೂರುವುದಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಚರ್ಚೆ ಮುಗಿಯುತ್ತಿತ್ತು. ಆದರೆ 1996ರಲ್ಲಿ, ಸರಣಿಯ ಮೂವತ್ತನೆಯ ವರ್ಷದ ಸಂಭ್ರಮಕ್ಕೆ, ‘ಡೀಪ್ ಸ್ಪೇಸ್ ನೈನ್’ ಎಂಬ ಹೊಸ ಸರಣಿಯ ತಂಡದವರು ಕಾಲಯಾನ ಮಾಡಿ 1967ರ ಹಳೆಯ ಕಂತೊಂದರ ಒಳಗೇ ಹೋಗುವ ಕಥೆ ಮಾಡಿದರು. ಹೊಸ ನಟರನ್ನು ಹಳೆಯ ಫಿಲ್ಮಿನ ದೃಶ್ಯಗಳಲ್ಲಿ ನಯವಾಗಿ ಕೂಡಿಸಿದ್ದರು. ಅಲ್ಲಿ ಏಣು ಹಣೆಯ ಕ್ಲಿಂಗನ್ ವೋರ್ಫ್, ನುಣುಪು ಹಣೆಯ ಕ್ಲಿಂಗನ್ನರ ಎದುರು ಕುಳಿತಿದ್ದಾನೆ. ಈಗ ವೇಷದ ವ್ಯತ್ಯಾಸ ಎನ್ನುವಂತಿಲ್ಲ, ಎರಡೂ ಒಂದೇ ಚೌಕಟ್ಟಿನಲ್ಲಿವೆ. ಸಂಗಡಿಗರು ಅವನತ್ತ ತಿರುಗಿ ಕಾರಣ ಕೇಳುತ್ತಾರೆ. ಹೊರಗಿನವರೊಡನೆ ಆ ವಿಷಯ ಮಾತನಾಡುವುದಿಲ್ಲ ಎಂದು ಅವನು ಮಾತು ಮುಗಿಸುತ್ತಾನೆ.

ನನಗೆ ಆ ಉತ್ತರ ಬಹಳ ಹಿಡಿಸಿತು. ಒಂದು ಜನಾಂಗಕ್ಕೆ ತನ್ನದೇ ಆದ ನಾಚಿಕೆ ಇದೆ, ಮನೆಯ ಮಾತನ್ನು ಬೀದಿಗೆ ತರದ ಬಿಗುಮಾನವಿದೆ ಎಂಬುದು ಒಂದೇ ಸಾಲಿನಲ್ಲಿ ತಿಳಿಯಿತು. 2005ರಲ್ಲಿ ‘ಎಂಟರ್‌ಪ್ರೈಸ್’ ಸರಣಿ ಎರಡು ಕಂತುಗಳನ್ನು ಖರ್ಚು ಮಾಡಿ ಪೂರ್ಣ ವಿವರಣೆ ಕೊಟ್ಟಿತು. ಕ್ಲಿಂಗನ್ನರು ಮನುಷ್ಯರ ವಂಶವಾಹಿ ಬಳಸಿ ತಮ್ಮ ಯೋಧರನ್ನು ಬಲಪಡಿಸಲು ಹೋದರು, ಅದರಿಂದ ರೋಗ ಹುಟ್ಟಿತು, ರೋಗ ತಗುಲಿದವರ ಹಣೆಯ ಏಣು ಕರಗಿತು. ಜಾಣತನದ ಕಥೆ, ನಿಜ. ಆದರೆ ಒಂದು ತೂತು ಮುಚ್ಚಲು ಹಾಕಿದ ತೇಪೆಯಲ್ಲಿ ಇನ್ನೊಂದು ತೂತು: ಹಳೆಯ ಸರಣಿಯ ಕೋರ್, ಕಾಂಗ್, ಕೋಲೋತ್ ಎಂಬ ಮೂವರು ನುಣುಪು ಹಣೆಯವರು, ಅವೇ ನಟರ ಅಭಿನಯದಲ್ಲಿ, 1994ರಲ್ಲಿ ಮುದುಕರಾಗಿ ಮರಳಿದಾಗ ಅವರ ಹಣೆಯಲ್ಲಿ ಏಣು ಇತ್ತು. ರೋಗ ವಾಸಿಯಾಯಿತೋ, ಶಸ್ತ್ರಚಿಕಿತ್ಸೆಯೋ? ವೋರ್ಫ್ ಬಾಯಿ ಮುಚ್ಚಿಕೊಂಡದ್ದೇ ಮೇಲಾಗಿತ್ತು.

ಪ್ರಶ್ನೆ: ಟ್ರಾನ್ಸ್‌ಪೋರ್ಟರ್ ಭೌತಶಾಸ್ತ್ರಕ್ಕೆ ವಿರುದ್ಧವಲ್ಲವೇ? ಕಣದ ಸ್ಥಾನ ಮತ್ತು ಸಂವೇಗ ಎರಡನ್ನೂ ಒಟ್ಟಿಗೆ ಖಚಿತವಾಗಿ ಅಳೆಯಲಾಗದು ಎಂದು ಹೈಸೆನ್‌ಬರ್ಗ್ 1927ರಲ್ಲೇ ತೋರಿಸಿದ್ದಾರೆ.
(ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ತುಮಕೂರು)

ಉತ್ತರ: ವಿರುದ್ಧವೇ. ಬರಹಗಾರರಿಗೂ ಅದು ಗೊತ್ತಿತ್ತು. ಆದ್ದರಿಂದ ಯಂತ್ರದೊಳಗೆ ‘ಹೈಸೆನ್‌ಬರ್ಗ್ ಕಾಂಪೆನ್ಸೇಟರ್’ ಎಂಬ ಭಾಗವೊಂದನ್ನು ಸೇರಿಸಿದರು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದಾಗ, ಸರಣಿಯ ತಾಂತ್ರಿಕ ವಿನ್ಯಾಸ ನೋಡಿಕೊಳ್ಳುತ್ತಿದ್ದ ಮೈಕೆಲ್ ಒಕುಡಾ ಅವರು ಕೊಟ್ಟ ಉತ್ತರ: ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಧನ್ಯವಾದ. ನಿಮ್ಮ ಪ್ರಶ್ನೆಯನ್ನು ಕೇಳಿಸಿಕೊಂಡೂ ಕಥೆಗೆ ಆ ಯಂತ್ರ ಬೇಕೆಂದು ಉಳಿಸಿಕೊಂಡವರ ಪ್ರಾಮಾಣಿಕತೆ ಅದರಲ್ಲಿದೆ. ನೀವು ಭೌತಶಾಸ್ತ್ರವನ್ನೇ ಮುಂದುವರಿಸಿ.

ಪ್ರಶ್ನೆ: 1982ರ ಚಿತ್ರದಲ್ಲಿ ಖಳನಾಯಕ ಖಾನ್, ಕರ್ಕ್‌ನ ಸಂಗಡಿಗ ಚೆಕಾವ್‌ನನ್ನು ನೋಡಿ “ಮುಖ ಮರೆಯುವವನಲ್ಲ ನಾನು” ಎಂದು ಗುರುತಿಸುತ್ತಾನೆ. ಖಾನ್ ಬಂದ ಹಳೆಯ ಕಂತಿನಲ್ಲಿ ಚೆಕಾವ್ ಇರಲೇ ಇಲ್ಲ!
(ಗೃಹಿಣಿ, ಚಿತ್ರದುರ್ಗ)

ಉತ್ತರ: ಇದು ಎಲ್ಲರೂ ಎತ್ತುವ ತೂತು. ನನ್ನ ಲೆಕ್ಕದಲ್ಲಿ ಇದು ತೂತೇ ಅಲ್ಲ. ಖಾನ್‌ನ ಕಂತು ಪ್ರಸಾರವಾದದ್ದು 1967ರ ಫೆಬ್ರವರಿ 16ರಂದು. ಚೆಕಾವ್ ಪಾತ್ರದ ವಾಲ್ಟರ್ ಕೋನಿಗ್ ತಂಡ ಸೇರಿದ್ದು ಅದೇ ವರ್ಷದ ಎರಡನೆಯ ಋತುವಿನಲ್ಲಿ. ಪ್ರಸಾರದ ಕ್ರಮ ನೋಡಿದರೆ ನೀವು ಗೆದ್ದಿರಿ. ಆದರೆ ಕಥೆಯೊಳಗೆ ಪ್ರತಿ ಕಂತಿಗೂ ‘ಸ್ಟಾರ್‌ಡೇಟ್’ ಎಂಬ ದಿನಾಂಕವಿದೆ. ಖಾನ್‌ನ ಕಂತಿನದು 3141.9. ಚೆಕಾವ್ ಇರುವ, ಮಾಂತ್ರಿಕರ ಕೋಟೆಯ ಕಂತಿನದು 3018.2. ಅಂದರೆ ಖಾನ್ ಬರುವ ಮೊದಲೇ ಚೆಕಾವ್ ಅದೇ ನೌಕೆಯಲ್ಲಿದ್ದ, ಕ್ಯಾಮೆರಾ ಅವನತ್ತ ತಿರುಗಲಿಲ್ಲ, ಅಷ್ಟೇ. ನಾಲ್ಕು ನೂರಕ್ಕೂ ಹೆಚ್ಚು ಜನರಿರುವ ನೌಕೆಯದು.

ಖಾನ್ ವಿಷಯದಲ್ಲಿ ನನಗೆ ಚುಚ್ಚುವುದು ಬೇರೆ. ಅವನ ಪೂರ್ತಿ ಹೆಸರು ಖಾನ್ ನೂನಿಯನ್ ಸಿಂಗ್. ಉತ್ತರ ಭಾರತದವನು, ಬಹುಶಃ ಸಿಖ್ ಎಂದು ಆ ಕಂತಿನಲ್ಲೇ ಹೇಳುತ್ತಾರೆ. ಗಡ್ಡವಿಲ್ಲ, ಹೆಸರಿನ ನಡುವಿನ ಭಾಗ ಪಂಜಾಬಿನ ಯಾವ ಊರಿನದೂ ಅಲ್ಲ, ಪಾತ್ರ ವಹಿಸಿದ ರಿಕಾರ್ಡೊ ಮೊಂಟಲ್ಬಾನ್ ಮೆಕ್ಸಿಕೊದಲ್ಲಿ ಹುಟ್ಟಿದ ನಟರು. ಅವರ ಅಭಿನಯ ಭವ್ಯವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮಲ್ಲೇಶ್ವರದ ಆ ಮನೆಯಲ್ಲಿ “ಇವನು ನಮ್ಮ ದೇಶದವನಂತೆ” ಎಂದು ನಾವು ಮಕ್ಕಳು ಟಿ.ವಿ.ಗೆ ಇನ್ನಷ್ಟು ಹತ್ತಿರ ಸರಿದು ಕುಳಿತಾಗ, ನಮಗೆ ಪರಿಚಿತವಾದ ಒಂದು ಮಾತು, ಒಂದು ಹಾವಭಾವ ಅವನಲ್ಲಿ ಕಾಣಲಿಲ್ಲ. ಚೆಕಾವ್ ಎಲ್ಲಿದ್ದ ಎಂದು ವರ್ಷಗಟ್ಟಲೆ ಚರ್ಚಿಸಿದವರು ಇದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕಿತ್ತು.

ಖಾನ್ 1992ರಿಂದ 1996ರವರೆಗೆ ಆಳಿದ, ಅದು ಯುದ್ಧಗಳ ಕಾಲ ಎಂದು ಕಂತು ಹೇಳುತ್ತದೆ, ಆ ವರ್ಷಗಳು ನಮ್ಮ ಕಣ್ಣೆದುರೇ ಶಾಂತವಾಗಿ ಕಳೆದವಲ್ಲ ಎಂದು ಇನ್ನೂ ಇಬ್ಬರು ಬರೆದಿದ್ದಾರೆ. 2023ರಲ್ಲಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಸರಣಿ ಇದಕ್ಕೆ ಉತ್ತರ ಕೊಟ್ಟಿತು. ಕಾಲಯಾನಿಗಳ ಕೈವಾಡದಿಂದ ಇತಿಹಾಸ ಜರುಗಿ, ಖಾನ್ ನಮ್ಮ ಶತಮಾನದಲ್ಲಿ ಟೊರೊಂಟೊದಲ್ಲಿ ಇನ್ನೂ ಬಾಲಕನಾಗಿದ್ದಾನೆ. ಅವನನ್ನು ಕೊಲ್ಲಲು ಬಂದವಳು ಮೂವತ್ತು ವರ್ಷ ಕಾದು ಬಸವಳಿದಿದ್ದಾಳೆ. ಆ ಬಳಲಿಕೆಯಿಂದಾಗಿ ತೇಪೆ ಸಹಜವಾಗಿ ಕಂಡಿತು.

ಪ್ರಶ್ನೆ: ಇದು ಕಟ್ಟುಕಥೆ. ಯಾರೋ ಬರೆದದ್ದು, ಯಾರೋ ತಪ್ಪಿದ್ದು. ಬೆಳೆದವರು ಕುಳಿತು ಇದರ ಬಗ್ಗೆ ವಾದಿಸುವುದೇಕೆ?
(ಪ್ರೌಢಶಾಲಾ ಶಿಕ್ಷಕಿ, ಕುಂದಾಪುರ)

ಉತ್ತರ: ಕುಂದಾಪುರದಿಂದ ಈ ಪ್ರಶ್ನೆ ಬಂದದ್ದು ನನಗೆ ಆಶ್ಚರ್ಯ. ನಿಮ್ಮ ಊರಿನಲ್ಲಿ ತಾಳಮದ್ದಲೆ ನಡೆಯುವುದಿಲ್ಲವೇ?

ನನ್ನ ಅಜ್ಜ ಸಿದ್ದಾಪುರದ ಕಡೆಯ ಅರ್ಥಧಾರಿ. ಮಳೆಗಾಲದಲ್ಲಿ ಆಟಗಳು ನಿಂತ ಮೇಲೆ ನಮ್ಮ ಮನೆಯ ಜಗುಲಿಯಲ್ಲಿ ತಾಳಮದ್ದಲೆ ಕೂಡುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಮದ್ದಲೆ, ಉಳಿದದ್ದೆಲ್ಲ ಮಾತು. ಒಂದು ರಾತ್ರಿ ವಾಲಿವಧೆಯಲ್ಲಿ ಅಜ್ಜನದು ವಾಲಿ. ಬಾಣ ತಾಗಿ ಬಿದ್ದವನು ಕೇಳತೊಡಗಿದ: “ಎದುರು ನಿಲ್ಲುವ ಧೈರ್ಯವಿರಲಿಲ್ಲವೇ? ನಾನು ನಿನಗೇನು ಕೇಡು ಮಾಡಿದ್ದೆ? ರಾವಣನನ್ನು ತರಬೇಕಿದ್ದರೆ ನನ್ನನ್ನೇ ಕೇಳಬಾರದಿತ್ತೇ, ಒಂದು ದಿನದ ಕೆಲಸವಾಗಿತ್ತಲ್ಲ!” ಆ ಕೊನೆಯ ಮಾತನ್ನು ಗಮನಿಸಿ. ದಾವಣಗೆರೆಯವರು ಕೇಳಿದ ಶಟಲ್ ಪ್ರಶ್ನೆಯೇ ಅದು. ಸುಲಭದ ದಾರಿ ಇದ್ದಾಗ ಕಷ್ಟದ ದಾರಿ ಏಕೆ?

ರಾಮನ ಅರ್ಥ ಹೇಳುತ್ತಿದ್ದವರು ಪಕ್ಕದೂರಿನ ಮುಖ್ಯೋಪಾಧ್ಯಾಯರು. ಬೆವರು ಒರೆಸಿಕೊಂಡು, ಒಂದೊಂದಕ್ಕೂ ಉತ್ತರ ಹೇಳುತ್ತ ಹೋದರು. ಗಂಟೆ ಎರಡಾಯಿತು, ಮೂರಾಯಿತು. ಅವರಿಗೆ ನಿಷಿದ್ಧವಾಗಿದ್ದ ಉತ್ತರ ಒಂದೇ: “ಕವಿ ಹಾಗೆ ಬರೆದಿದ್ದಾನೆ.” ಅದನ್ನು ಹೇಳಿದ ಕ್ಷಣ ರಾಮ ಎದ್ದುಹೋಗಿ ಮೇಷ್ಟ್ರು ಮಾತ್ರ ಉಳಿಯುತ್ತಿದ್ದರು.

ಮಹಾಭಾರತವೂ ತನ್ನ ತೂತನ್ನು ತಾನೇ ಕಂಡುಕೊಂಡಿದೆ. ದ್ಯೂತದ ಸಭೆಯಲ್ಲಿ ಕೃಷ್ಣ ಏಕಿರಲಿಲ್ಲ ಎಂದು ಕೇಳುವವರು ಕೇಳಿಯೇ ಕೇಳುತ್ತಾರೆ. ವನಪರ್ವದಲ್ಲಿ ಕೃಷ್ಣನೇ ಬಂದು, ತಾನು ಆಗ ಸಾಲ್ವನೊಡನೆ ಯುದ್ಧದಲ್ಲಿದ್ದೆ, ಇದ್ದಿದ್ದರೆ ಆ ಜೂಜನ್ನು ತಡೆಯುತ್ತಿದ್ದೆ ಎಂದು ಪಾಂಡವರಿಗೆ ಹೇಳುತ್ತಾನೆ. ಷರ್ಲಾಕ್ ಹೋಮ್ಸ್‌ನ ಓದುಗರು ವಾಟ್ಸನ್‌ನ ಯುದ್ಧದ ಗಾಯ ಒಂದು ಕಾದಂಬರಿಯಲ್ಲಿ ಭುಜದಲ್ಲೂ ಇನ್ನೊಂದರಲ್ಲಿ ಕಾಲಿನಲ್ಲೂ ಏಕಿದೆ ಎಂದು ಇಂದಿಗೂ ಚರ್ಚಿಸುತ್ತಾರೆ. ಪಾತ್ರವನ್ನು ಬದುಕಿರುವ ಮನುಷ್ಯನೆಂದು ನಂಬಿದವರು ಮಾತ್ರ ಹೀಗೆ ಕೇಳಬಲ್ಲರು. ನೀವು ಒಮ್ಮೆ ಮಳೆಗಾಲದ ಕೂಟಕ್ಕೆ ಹೋಗಿ, ಬೆಳಗಿನವರೆಗೆ ಕುಳಿತು, ಆಮೇಲೆ ನನಗೆ ಬರೆಯಿರಿ.

ಪ್ರಶ್ನೆ: ‘ದ ನೆಕ್ಸ್ಟ್ ಜನರೇಶನ್’ ಸರಣಿಯಲ್ಲಿ ಬರೀ ದೃಷ್ಟಾಂತಗಳಲ್ಲೇ ಮಾತನಾಡುವ ಜನಾಂಗವೊಂದು ಬರುತ್ತದೆ. “ತನಾಗ್ರಾದಲ್ಲಿ ಡಾರ್ಮಾಕ್ ಮತ್ತು ಜಲಾಡ್” ಎಂದರೆ ಒಂದಾಗಿ ಶತ್ರುವನ್ನು ಎದುರಿಸೋಣ ಎಂದರ್ಥ. ಇಂಥ ಭಾಷೆಯಿಂದ ನೌಕೆ ಕಟ್ಟಲಾದೀತೇ? ಮಗುವಿಗೆ ಮೊದಲು ಆ ಕಥೆಯನ್ನು ಯಾವ ಮಾತಿನಲ್ಲಿ ಹೇಳುತ್ತಾರೆ?
(ಕನ್ನಡ ಅಧ್ಯಾಪಕರು, ಮೈಸೂರು)

ಉತ್ತರ: ಈ ಬಾರಿ ಬಂದ ಪ್ರಶ್ನೆಗಳಲ್ಲಿ ನಾನು ಅತಿ ಹೆಚ್ಚು ಯೋಚಿಸಿದ್ದು ಇದರ ಬಗ್ಗೆ. ಕಂತು ಬಂದದ್ದು 1991ರ ಸೆಪ್ಟೆಂಬರ್ ಕೊನೆಯಲ್ಲಿ. ನೌಕೆಯ ಅನುವಾದ ಯಂತ್ರ ಆ ಜನರ ಪದಗಳನ್ನೆಲ್ಲ ಸರಿಯಾಗಿ ತರ್ಜುಮೆ ಮಾಡುತ್ತದೆ, ಅರ್ಥ ಮಾತ್ರ ದಾಟಿ ಬರುವುದಿಲ್ಲ.

ನಾವು ಹೇಗೆ ಮಾತನಾಡುತ್ತೇವೆ ನೋಡಿ. “ಉತ್ತರನ ಪೌರುಷ ಒಲೆಯ ಮುಂದೆ” ಎನ್ನುತ್ತೇವೆ. ಪದ ಪದ ಬಿಡಿಸಿ ಪರಕೀಯನೊಬ್ಬನಿಗೆ ಕೊಟ್ಟರೆ ಅವನಿಗೆ ಸಿಗುವುದು ಒಬ್ಬ ವ್ಯಕ್ತಿ, ಒಂದು ಗುಣ, ಒಂದು ಅಡುಗೆಯ ಒಲೆ. ವಿರಾಟನ ಅಂತಃಪುರದಲ್ಲಿ ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದ ಹುಡುಗ ಅವನಿಗೆ ಕಾಣುವುದಿಲ್ಲ. ಭಗೀರಥ ಪ್ರಯತ್ನ, ಕುಂಭಕರ್ಣನ ನಿದ್ರೆ, ಶಬರಿಯಂತೆ ಕಾಯುವುದು. ಡಾರ್ಮಾಕ್‌ನ ಜನ ನಮಗೆ ಅಷ್ಟೇನೂ ದೂರದವರಲ್ಲ.

ಆದರೂ ನಿಮ್ಮ ಆಕ್ಷೇಪದ ಅರ್ಧಭಾಗ ನಿಲ್ಲುತ್ತದೆ. “ಆ ತಿರುಪುಮೊಳೆಯನ್ನು ಎರಡು ಸುತ್ತು ಬಿಗಿ ಮಾಡು” ಎನ್ನಲು ಪುರಾಣ ಸಾಲದು. ಅವರಲ್ಲಿ ಲೆಕ್ಕಕ್ಕೆ, ಯಂತ್ರಕ್ಕೆ ಬೇರೆಯದೇ ಸಂಕೇತವೊಂದು ಇರಬೇಕು, ಕಂತು ಅದನ್ನು ತೋರಿಸದೆ ಬಿಟ್ಟಿತು. ಮಗುವಿನ ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿದೆ. ನನಗೆ ಉತ್ತರಕುಮಾರ ಯಾರೆಂದು ಮಾತಿನ ಅರ್ಥ ತಿಳಿಯುವ ಮೊದಲೇ ಗೊತ್ತಿತ್ತು. ಐದನೆಯ ವಯಸ್ಸಿನಲ್ಲಿ ಅಮ್ಮನ ತೊಡೆಯ ಮೇಲೆ ಅರೆನಿದ್ರೆಯಲ್ಲಿ, ಅವನು ರಂಗಸ್ಥಳದ ತುಂಬ ಓಡಿದ್ದನ್ನೂ ಬೃಹನ್ನಳೆ ಅಟ್ಟಿಸಿಕೊಂಡು ಹೋದದ್ದನ್ನೂ ನೋಡಿದ್ದೆ. ಕಥೆಯನ್ನು ಮಗುವಿಗೆ ಮಾತಿನಲ್ಲೇ ಹೇಳಬೇಕಾಗಿಲ್ಲ, ಎದುರಿಗೆ ಆಡಿ ತೋರಿಸಬಹುದು. ಆ ಕಂತಿನಲ್ಲಿ ಆ ಜನಾಂಗದ ನಾಯಕ ಮಾಡುವುದೂ ಅದನ್ನೇ. ಡಾರ್ಮಾಕ್‌ನ ಕಥೆಯನ್ನು ಹೇಳಲಾರದೆ, ನಮ್ಮ ನೌಕೆಯ ನಾಯಕ ಪಿಕಾರ್ಡ್‌ನನ್ನು ಒಂದು ಗ್ರಹಕ್ಕೆ ಕರೆದೊಯ್ದು, ಮೃಗವೊಂದರ ಎದುರು ಅವನೊಡನೆ ಆ ಕಥೆಯನ್ನು ಬದುಕಿ ತೋರಿಸಿ ಪ್ರಾಣ ಬಿಡುತ್ತಾನೆ.

ಪ್ರಶ್ನೆ: ‘ವಾಯೇಜರ್’ ನೌಕೆಯ ಬಳಿ ಇದ್ದದ್ದು 38 ಫೋಟಾನ್ ಟಾರ್ಪಿಡೊಗಳು, ಖಾಲಿಯಾದರೆ ಮತ್ತೆ ಸಿಗುವುದಿಲ್ಲ ಎಂದು ಮೊದಲ ಋತುವಿನಲ್ಲೇ ಹೇಳುತ್ತಾರೆ. ಏಳು ಋತುಗಳಲ್ಲಿ ಅದರ ಎರಡು ಪಟ್ಟಿಗೂ ಮಿಗಿಲಾಗಿ ಹಾರಿಸುತ್ತಾರೆ. ನಾವು ಮೂವರು ಗೆಳೆಯರು ಕುಳಿತು ಎಣಿಸಿದ್ದೇವೆ.
(ಸಾಫ್ಟ್‌ವೇರ್ ಎಂಜಿನಿಯರ್, ಸನ್ನಿವೇಲ್, ಕ್ಯಾಲಿಫೋರ್ನಿಯಾ)

ಉತ್ತರ: ನಿಮ್ಮ ಎಣಿಕೆಯಲ್ಲಿ ತಪ್ಪಿಲ್ಲ. ಎಲ್ಲೋ ಒಂದು ಕಡೆ ತಯಾರಿಸಿಕೊಂಡರು ಎಂದು ಊಹಿಸಬಹುದು, ಬೇಕಾದ ಶಟಲ್‌ಗಳನ್ನು ತಾವೇ ಕಟ್ಟಿಕೊಳ್ಳಬಲ್ಲವರಿಗೆ ಅದೇನು ಕಷ್ಟ? ಆದರೆ ನನ್ನ ಸಿಟ್ಟು ಟಾರ್ಪಿಡೊಗಳ ಮೇಲಲ್ಲ. 1995ರಲ್ಲಿ ಆ ಸರಣಿ ಶುರುವಾದಾಗ ಕೊಟ್ಟ ಮಾತೇ ಬೇರೆ. ಮನೆಯಿಂದ 70,000 ಜ್ಯೋತಿರ್ವರ್ಷ ದೂರದಲ್ಲಿ ಸಿಲುಕಿದ ನೌಕೆ, ಹಿಂತಿರುಗಲು 75 ವರ್ಷ, ಎರಡು ಶತ್ರು ಪಂಗಡಗಳ ಜನ ಒಂದೇ ಸೂರಿನಡಿ. ಎಂಥ ಕಥೆ! ಆದರೆ ವಾರ ವಾರವೂ ನೌಕೆ ಜಜ್ಜಿಹೋಗುತ್ತದೆ, ಮುಂದಿನ ವಾರ ಹೊಸ ಪಾತ್ರೆಯ ಹಾಗೆ ಹೊಳೆಯುತ್ತದೆ. ಎರಡು ಪಂಗಡದವರು ಬೇಗನೆ ಒಂದೇ ಸಮವಸ್ತ್ರದ ಸಜ್ಜನರಾಗಿಬಿಡುತ್ತಾರೆ. 1997ರಲ್ಲಿ ಎರಡು ಕಂತುಗಳ ಉದ್ದಕ್ಕೂ ನೌಕೆ ನಿಜವಾಗಿ ಚಿಂದಿಯಾಗುವುದನ್ನು, ನಾಯಕಿ ಜೇನ್‌ವೇ ಸುಟ್ಟ ಕೈಗಳಿಂದ ಅದನ್ನು ನಡೆಸುವುದನ್ನು ತೋರಿಸಿದರು. ಕೊನೆಗೆ ಕಾಲಚಕ್ರ ತಿರುಗಿಸಿ ಅದೊಂದೂ ನಡೆಯಲೇ ಇಲ್ಲ ಎಂದರು. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಮೊದಲಿನಿಂದ ನಾನು ಹೇಳಬೇಕೆಂದಿದ್ದ ಮಾತು ಇದು. ಸಂಖ್ಯೆ ತಪ್ಪುವುದು, ಹಣೆ ಬದಲಾಗುವುದು, ವರ್ಷ ಹೊಂದದಿರುವುದು, ಇವು ಬಟ್ಟೆಯ ತೂತುಗಳು, ಪ್ರೀತಿ ಇರುವವರು ಹೊಲಿದುಕೊಳ್ಳುತ್ತಾರೆ. ಪಾತ್ರವೊಂದು ತಾನು ಪಟ್ಟ ಪಾಡನ್ನು ಮರೆತರೆ ಅದನ್ನು ನೋಡುವವರು ಹೊಲಿಯಲಾರರು. 1992ರ ಜೂನ್‌ನಲ್ಲಿ ಬಂದ ಪಿಕಾರ್ಡ್‌ನ ಒಂದು ಕಂತು ನಿಮಗೆ ನೆನಪಿರಬಹುದು. ಅರ್ಧ ಗಂಟೆಯೂ ಆಗದಷ್ಟು ಹೊತ್ತು ಪ್ರಜ್ಞೆ ತಪ್ಪಿ ಬಿದ್ದಿರುವಾಗ, ಅವನು ಅಳಿದುಹೋದ ಗ್ರಹವೊಂದರಲ್ಲಿ ಸುಮಾರು ನಲವತ್ತು ವರ್ಷ ಬಾಳುತ್ತಾನೆ. ಹೆಂಡತಿ, ಮಕ್ಕಳು, ಮೊಮ್ಮಗು, ಬರಗಾಲ, ಕೊಳಲು. ಎಚ್ಚೆತ್ತು ಆ ಕೊಳಲನ್ನು ಎದೆಗೊತ್ತಿಕೊಂಡು ನುಡಿಸುತ್ತಾನೆ. ಮುಂದಿನ ಕಂತಿನಲ್ಲಿ ಏನೂ ಆಗದವನಂತೆ ಆಜ್ಞೆ ಕೊಡುತ್ತ ಕುಳಿತಿರುತ್ತಾನೆ! ಕೊಳಲು ಮತ್ತೆ ಅವನ ಕೈಗೆ ಬಂದದ್ದು 1993ರ ಏಪ್ರಿಲ್‌ನ ಒಂದು ಕಂತಿನಲ್ಲಿ. ಅಲ್ಲಿ ಅವನು ಒಬ್ಬಳೊಡನೆ ಸಂಗೀತ ನುಡಿಸುತ್ತ ಆ ಇನ್ನೊಂದು ಬದುಕಿನ ಬಗ್ಗೆ ಹೇಳಿಕೊಳ್ಳುತ್ತಾನೆ. ತಡವಾಗಿಯಾದರೂ ನೆನಪಿಸಿಕೊಂಡರಲ್ಲ ಎಂದು ನನಗೆ ಸಮಾಧಾನವಾಯಿತು. ಅದಕ್ಕೂ ಮೊದಲು, 1990ರಲ್ಲಿ, ಬೋರ್ಗ್ ಎಂಬ ಅರೆಯಂತ್ರ ಶತ್ರುಗಳ ಸೆರೆಯಿಂದ ಬಂದ ಪಿಕಾರ್ಡ್ ಫ್ರಾನ್ಸಿನ ಅಣ್ಣನ ಮನೆಗೆ ಹೋಗಿ, ದ್ರಾಕ್ಷಿ ತೋಟದ ಕೆಸರಿನಲ್ಲಿ ಅಣ್ಣನೊಡನೆ ಹೊಡೆದಾಡಿ, ಅಲ್ಲೇ ಕುಳಿತು ಅಳುತ್ತಾನೆ. ಒಂದು ಪೂರ್ತಿ ಕಂತನ್ನು ಆ ಅಳುವಿಗಾಗಿ ಇಟ್ಟವರಿಗೆ ನಾನು ಟಾರ್ಪಿಡೊಗಳ ಲೆಕ್ಕ ಕೇಳುವುದಿಲ್ಲ.

ಪ್ರಶ್ನೆ: ಕರ್ಕ್‌ನ ನೌಕೆಯ ಎಂಜಿನಿಯರ್ ಸ್ಕಾಟಿ ಟ್ರಾನ್ಸ್‌ಪೋರ್ಟರ್ ಒಳಗೇ 75 ವರ್ಷ ಸಿಲುಕಿ, ‘ನೆಕ್ಸ್ಟ್ ಜನರೇಶನ್’ ಕಾಲದಲ್ಲಿ ಎಚ್ಚರಗೊಳ್ಳುತ್ತಾನೆ. ಕರ್ಕ್‌ನ ನೌಕೆಯದೇ ಹೆಸರಿನ ಎಂಟರ್‌ಪ್ರೈಸ್ ನೌಕೆ ಬಂದಿದೆ ಎಂದು ಕೇಳಿದೊಡನೆ, ಜಿಮ್ ಕರ್ಕ್‌ನೇ ತನ್ನನ್ನು ಹುಡುಕಿಕೊಂಡು ಬಂದಿರಬೇಕು ಎನ್ನುತ್ತಾನೆ. ಆದರೆ ಆಮೇಲೆ ಬಂದ ಚಿತ್ರದಲ್ಲಿ, ಆ 75 ವರ್ಷಕ್ಕೂ ಮೊದಲೇ, ಕರ್ಕ್ ಸತ್ತದ್ದನ್ನು ಸ್ಕಾಟಿ ಎದುರಿಗಿದ್ದು ನೋಡಿರುತ್ತಾನೆ. ಇದಕ್ಕೆ ನಿಮ್ಮ ಉತ್ತರವೇನು?
(ಹೆಸರು ಬೇಡ ಎಂದಿರುವ ಓದುಗರು, ಸಾಗರ)

ಉತ್ತರ: ಕಥೆಯಾಚೆಗಿನ ಕಾರಣ ಮೊದಲು. ಕಂತು ಬಂದದ್ದು 1992ರ ಅಕ್ಟೋಬರ್‌ನಲ್ಲಿ, ಚಿತ್ರ 1994ರ ನವೆಂಬರ್‌ನಲ್ಲಿ. ಚಿತ್ರದ ಆರಂಭದಲ್ಲಿ ಕರ್ಕ್‌ನ ಪಕ್ಕದಲ್ಲಿ ಇರಬೇಕಾಗಿದ್ದವರು ಸ್ಪಾಕ್ ಮತ್ತು ಡಾಕ್ಟರ್ ಮೆಕಾಯ್. ಆ ಪಾತ್ರಗಳ ನಟರಾದ ಲಿಯೊನಾರ್ಡ್ ನಿಮೊಯ್ ಮತ್ತು ಡಿಫಾರೆಸ್ಟ್ ಕೆಲಿ ಇಬ್ಬರೂ ಒಪ್ಪದ ಕಾರಣ ಅವರ ಮಾತುಗಳು ಸ್ಕಾಟಿಗೂ ಚೆಕಾವ್‌ಗೂ ಬಂದವು. ಸೋಜಿಗವೆಂದರೆ, ಆ ಕಂತನ್ನು ಬರೆದ ರೊನಾಲ್ಡ್ ಮೂರ್ ಅವರೇ ಬ್ರ್ಯಾನನ್ ಬ್ರಾಗಾ ಜೊತೆ ಸೇರಿ ಚಿತ್ರವನ್ನೂ ಬರೆದವರು. ಸ್ಕಾಟಿಯ ಆ ಸಾಲು ಅವರ ಲೇಖನಿಯಿಂದಲೇ ಬಂದಿತ್ತು.

ನಾನು ಮೇಲೆ ಹಾಕಿಕೊಂಡ ಅಳತೆಗೋಲಿನಲ್ಲಿ ಇದು ಕ್ಷಮಿಸಲಾಗದ ತೂತು. ಹಣೆಯಲ್ಲ, ಸಂಖ್ಯೆಯಲ್ಲ, ಜೀವದ ಗೆಳೆಯನ ಸಾವನ್ನೇ ಪಾತ್ರ ಮರೆತಿದೆ. ಬಹಳ ಕಾಲ ನಾನು ಹಾಗೆಯೇ ಹೇಳುತ್ತಿದ್ದೆ. 75 ವರ್ಷ ಯಂತ್ರದಲ್ಲಿ ಸಿಲುಕಿದವನಿಗೆ ಮಂಪರು ಇತ್ತು ಎನ್ನುವವರ ಉತ್ತರ ನನಗೆ ನುಣುಚಿಕೊಳ್ಳುವ ಮಾತಾಗಿ ಕಾಣುತ್ತಿತ್ತು.

ಅಜ್ಜ ತೀರಿಕೊಂಡದ್ದು ಒಂದು ಶ್ರಾವಣದಲ್ಲಿ. ಅಜ್ಜಿ ತಲೆಯ ಬಳಿ ಕುಳಿತು ನೀರು ಬಿಟ್ಟವಳು, ಹದಿಮೂರು ದಿನದ ಕೆಲಸಗಳನ್ನು ತಾನೇ ನಿಂತು ಮಾಡಿಸಿದವಳು. ಮೂರು ವರ್ಷದ ಮೇಲೆ ಅವಳಿಗೆ ಜ್ವರ ಬಂದು ಎರಡು ದಿನ ಎಚ್ಚರವಿರಲಿಲ್ಲ. ಮೂರನೆಯ ದಿನ ಸಂಜೆ ಕಣ್ಣು ಬಿಟ್ಟಳು. ಹೊರಗೆ ಮಳೆ ಹೊಯ್ಯುತ್ತಿತ್ತು, ಪಕ್ಕದ ಮನೆಯ ಜಗುಲಿಯಿಂದ ಮದ್ದಲೆಗೆ ಶ್ರುತಿ ಮಾಡುವ ಸದ್ದು ಕೇಳಿಸುತ್ತಿತ್ತು. ಅಜ್ಜಿ ನನ್ನ ಕೈ ಹಿಡಿದು, “ಕೂಟ ಶುರುವಾಗುತ್ತಿದೆ, ಅಜ್ಜನಿಗೆ ಶಾಲು ಕೊಟ್ಟೆಯಾ? ಮರೆತು ಹಾಗೇ ಹೋಗಿಬಿಡುತ್ತಾರೆ” ಎಂದಳು. ನಾನು ಎದ್ದು, ಪೆಟ್ಟಿಗೆಯಿಂದ ಶಾಲು ತೆಗೆದು, ಜಗುಲಿಯವರೆಗೆ ಹೋಗಿ ಬಂದೆ. “ಕೊಟ್ಟೆ” ಎಂದೆ.

ಆ ಸಂಜೆಯಿಂದ ಆ ಕಂತನ್ನು ನಾಲ್ಕು ಬಾರಿ ನೋಡಿದ್ದೇನೆ. ಸ್ಕಾಟಿ ಆ ಮಾತನ್ನು ಹೇಳುವಾಗ ಅವನ ಮುಖವನ್ನೇ ನೋಡುತ್ತೇನೆ. ಸಾಗರದ ಓದುಗರೇ, ಅದನ್ನು ಇನ್ನು ತೂತು ಎನ್ನಲು ನನಗೆ ಬಾಯಿ ಬರುತ್ತಿಲ್ಲ.